‘ಹಕ್ಕು ಬಿಡುಗಡೆ’, ‘ಬಿಡುಗಡೆ ಹಕ್ಕು’: ಕಾಮಿಕ್ಸ್ ಸಿನಿಮಾ ವ್ಯಾಜ್ಯದ ಪದಗಳು

ಪ್ರಶ್ನೆ:

ನಮಸ್ಕಾರ. ‘ವಾಚ್‌ಮೆನ್’ ಕಾಮಿಕ್ಸನ್ನು ಸಿನಿಮಾ ಮಾಡುವ ವಿಚಾರದಲ್ಲಿ ಹಾಲಿವುಡ್‌ನ ಫಾಕ್ಸ್ ಸಂಸ್ಥೆ 2008ರಲ್ಲಿ ಇನ್ನೊಂದು ಸಿನಿಮಾ ಸಂಸ್ಥೆಯಾದ ವಾರ್ನರ್ ಬ್ರದರ್ಸ್ ಮೇಲೆ ಹೂಡಿದ ದಾವೆಯ ಕುರಿತು ಕನ್ನಡದಲ್ಲಿ ಒಂದು ಟಿಪ್ಪಣಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ಈ ವಾಕ್ಯವಿದೆ:

‘ಫಾಕ್ಸ್ ಮೊದಲು ಚಿತ್ರಕಥೆಯ ಹಕ್ಕು ಕೊಂಡು, 1991ರಲ್ಲಿ ಹಕ್ಕು ಬಿಡುಗಡೆ ಮಾಡಿ, ಬಿಡುಗಡೆ ಹಕ್ಕನ್ನು ಮಾತ್ರ ಕಾಯ್ದಿರಿಸಿಕೊಂಡಿತು.’

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಫಾಕ್ಸ್ ಕೊಟ್ಟದ್ದೇನು, ಉಳಿಸಿಕೊಂಡದ್ದೇನು ಎಂಬುದು ಎರಡು ಸಲ ಓದಿದರೂ ಗೊತ್ತಾಗುವುದಿಲ್ಲ. ಆಪ್ಷನ್ (ಗಡುವಿನೊಳಗೆ ಹಕ್ಕು ಕೊಳ್ಳುವ ಅವಕಾಶ), ಕ್ವಿಟ್‌ಕ್ಲೇಮ್ (ತನ್ನ ಹಕ್ಕನ್ನು ಬಿಟ್ಟುಕೊಡುವ ಪತ್ರ), ಟರ್ನ್‌ಅರೌಂಡ್ (ಕೈಬಿಟ್ಟ ಯೋಜನೆಯನ್ನು ಬೇರೆಡೆಗೆ ಒಯ್ಯುವುದು), ರಿವರ್ಷನ್ (ಹಕ್ಕು ಮೂಲ ಒಡೆಯರಿಗೆ ಹೋಗುವುದು) ಈ ನಾಲ್ಕಕ್ಕೂ ಜನರ ಬಾಯಲ್ಲಿರುವ ಕನ್ನಡ ಪದಗಳಿವೆಯೆ? ಹೊಸದಾಗಿ ಟಂಕಿಸಿದ ಪದಕ್ಕಿಂತ ಈಗಾಗಲೇ ಕಾಗದಪತ್ರಗಳಲ್ಲಿ ಓಡಾಡುತ್ತಿರುವ ಪದ ಸಿಕ್ಕರೆ ಒಳ್ಳೆಯದು.

ಉತ್ತರ 1:

ನಿಮ್ಮ ವಾಕ್ಯದ ತೊಡಕು ಬಹಳ ಸ್ವಾರಸ್ಯವಾದದ್ದು. ಅಲ್ಲಿ ಮೂರು ಪದಗಳು ಒಂದೊಂದೂ ಎರಡೆರಡು ಅರ್ಥ ಹೊತ್ತು ನಿಂತಿವೆ.

ಮೊದಲನೆಯದು ‘ಚಿತ್ರಕಥೆ’. ಕಾಮಿಕ್ಸಿಗೂ ಚಿತ್ರಕಥೆ ಎನ್ನುತ್ತೇವೆ, ಸಿನಿಮಾಕ್ಕೆ ಬರೆಯುವ ದೃಶ್ಯಗಳ ಪ್ರತಿಗೂ ಚಿತ್ರಕಥೆ ಎನ್ನುತ್ತೇವೆ. ಬೇರೆ ಕಡೆ ಸಂದರ್ಭ ನೋಡಿ ತಿಳಿದುಕೊಳ್ಳಬಹುದು, ಹಕ್ಕಿನ ವ್ಯಾಜ್ಯದಲ್ಲಿ ಸಾಧ್ಯವಿಲ್ಲ. ಕಾಮಿಕ್ಸಿನ ಹಕ್ಕು ಬರುವುದು ಪ್ರಕಾಶಕ ಡಿಸಿ ಕಾಮಿಕ್ಸ್ ಕಡೆಯಿಂದ. ಸಿನಿಮಾದ ಚಿತ್ರಕಥೆಯ ಹಕ್ಕು ಹುಟ್ಟುವುದು ಅದನ್ನು ಬರೆಸಿದ ಸಂಸ್ಥೆಯಲ್ಲಿ. ಬರಹಗಾರ ಸ್ಯಾಮ್ ಹ್ಯಾಮ್ ಅವರಿಂದ ಫಾಕ್ಸ್ ಒಂದು ಚಿತ್ರಕಥೆ ಬರೆಸಿತ್ತು. ಯೋಜನೆ ಬೇರೆ ಸಂಸ್ಥೆಗೆ ಹೋದಾಗ ಕಾಮಿಕ್ಸಿನ ಹಕ್ಕು ಕೈಗೆ ಬಂದರೂ ಹಳೆಯ ಚಿತ್ರಕಥೆಯ ಒಂದು ದೃಶ್ಯವನ್ನೂ ಬಳಸಲಾಗದ ಸ್ಥಿತಿ ಬರಬಹುದು. ಹಾಗಾಗಿ ಮೂಲಕ್ಕೆ ‘ಕಾಮಿಕ್ಸ್’ ಎಂದೇ ಬರೆಯಿರಿ, ‘ಚಿತ್ರಕಥೆ’ಯನ್ನು ಸಿನಿಮಾದ ಬರಹಕ್ಕೆ ಬಿಟ್ಟುಬಿಡಿ.

ಎರಡನೆಯದು ‘ಬಿಡುಗಡೆ’. ನೋಂದಣಿ ಕಚೇರಿಯ ‘ಹಕ್ಕು ಬಿಡುಗಡೆ ಪತ್ರ’ ಒಂದು, ಚಿತ್ರಮಂದಿರದ ‘ಬಿಡುಗಡೆ’ ಇನ್ನೊಂದು. ಈ ಮೊಕದ್ದಮೆಯ ತಿರುಳೇ ಈ ಎರಡರ ನಡುವೆ ಇರುವುದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. 1986ರಿಂದ 1990ರ ನಡುವೆ ಫಾಕ್ಸ್ ಈ ಕಾಮಿಕ್ಸಿನ ಸಿನಿಮಾ ಹಕ್ಕುಗಳನ್ನು ಪಡೆಯಿತು. 1991ರಲ್ಲಿ ನಿರ್ಮಾಪಕ ಲಾರೆನ್ಸ್ ಗಾರ್ಡನ್ ಅವರ ನಂಟಿದ್ದ ಲಾರ್ಗೊ ಸಂಸ್ಥೆಗೆ ಕ್ವಿಟ್‌ಕ್ಲೇಮ್ ಬರೆದುಕೊಟ್ಟಿತು. ಆದರೆ ಸಿನಿಮಾ ಆದರೆ ಅದನ್ನು ವಿತರಿಸುವ ಹಕ್ಕು ತನ್ನದೇ ಎಂದು ಉಳಿಸಿಕೊಂಡಿತು. ಮುಂದೆ ಯೋಜನೆ ಯುನಿವರ್ಸಲ್, ಪ್ಯಾರಮೌಂಟ್ ಸುತ್ತಿ ವಾರ್ನರ್ ಬ್ರದರ್ಸ್‌ಗೆ ಬಂತು. ‘ಫಾಕ್ಸ್ ಹಕ್ಕು ಬಿಡುಗಡೆ ಮಾಡಿತ್ತು’ ಎಂಬಷ್ಟನ್ನೇ ಓದಿದವರಿಗೆ ಫಾಕ್ಸಿನ ದಾವೆ ವಿನಾಕಾರಣದ ತಂಟೆಯಂತೆ ಕಾಣುತ್ತದೆ. ವಿತರಣೆಯ ಮಾತು ಸೇರಿಸಿದರೆ ಮಾತ್ರ ದಾವೆಯ ಬುಡ ಕಾಣುತ್ತದೆ.

ನನ್ನ ಸಲಹೆ: ಕ್ವಿಟ್‌ಕ್ಲೇಮ್‌ಗೆ ‘ಖುಲಾಸೆ ಪತ್ರ’, ಸಿನಿಮಾ ಕಡೆಯದಕ್ಕೆ ‘ವಿತರಣೆ ಹಕ್ಕು’. ‘ಬಿಡುಗಡೆ’ ಪದವನ್ನು ಈ ಟಿಪ್ಪಣಿಯಲ್ಲಿ ಸಿನಿಮಾ ತೆರೆಕಂಡ ದಿನಕ್ಕಷ್ಟೇ ಬಳಸಿ. ಖುಲಾಸೆ ಎಂಬುದು ಹಳೆಯ ಪತ್ರಗಳಲ್ಲಿ ಬರುವ ಪದ, ಅರ್ಥವೂ ಹತ್ತಿರದ್ದು. ಕ್ರಯಪತ್ರದಲ್ಲಿ ಮಾರುವವನು ‘ಇದು ನನ್ನದು, ಬೇರೆಯವರ ತಕರಾರು ಬಂದರೆ ನಾನು ಹೊಣೆ’ ಎಂದು ಬರೆದುಕೊಡುತ್ತಾನೆ. ಕ್ವಿಟ್‌ಕ್ಲೇಮ್‌ನಲ್ಲಿ ಆ ಹೊಣೆ ಇರುವುದಿಲ್ಲ: ‘ನನಗೇನಾದರೂ ಇದ್ದರೆ ಅದನ್ನು ಬಿಟ್ಟುಕೊಟ್ಟಿದ್ದೇನೆ’ ಎಂಬಷ್ಟೇ. ಆದ್ದರಿಂದ ಕ್ವಿಟ್‌ಕ್ಲೇಮನ್ನು ‘ಮಾರಿತು’ ಎಂದು ಅನುವಾದಿಸಬಾರದು.

ಮೂರನೆಯದು ‘ಕಾಯ್ದಿರಿಸು’. ಕೆಲವರು ಆಪ್ಷನ್‌ಗೆ ಇದನ್ನೇ ಬಳಸುತ್ತಾರೆ: ‘ಸಂಸ್ಥೆಯು ಕಾದಂಬರಿಯ ಹಕ್ಕನ್ನು ಕಾಯ್ದಿರಿಸಿದೆ’. ಪುಸ್ತಕದ ಮೊದಲ ಪುಟಗಳಲ್ಲಿ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂದು ಅಚ್ಚಾಗಿರುತ್ತದಲ್ಲ, ಅಲ್ಲಿ ಕಾಯ್ದಿರಿಸುವವರು ಹಕ್ಕಿನ ಒಡೆಯರು. ಒಂದೇ ಕ್ರಿಯಾಪದ ಕೊಡದೆ ಇಟ್ಟುಕೊಂಡವರಿಗೂ ಪಡೆಯಲು ಬಂದವರಿಗೂ ಅನ್ವಯವಾದರೆ ಕರಾರು ಓದುವವರು ದಾರಿ ತಪ್ಪುತ್ತಾರೆ. ಒಡೆಯರು ಉಳಿಸಿಕೊಂಡದ್ದಕ್ಕೆ ಮಾತ್ರ ‘ಕಾಯ್ದಿರಿಸು’ ಇರಲಿ. ನಿಮ್ಮ ವಾಕ್ಯದಲ್ಲಿ ‘ಉಳಿಸಿಕೊಂಡಿತು’ ಸಾಕು.

ಆಪ್ಷನ್‌ಗೆ ಏನು? ‘ಮುಂಗಡ ಕರಾರು’ ಎನ್ನಬಹುದೆಂದು ತೋರುತ್ತದೆ, ಆದರೆ ಪೂರ್ತಿ ಹೊಂದುವುದಿಲ್ಲ. ಮುಂಗಡ ಕೊಟ್ಟು ಕ್ರಯದ ಕರಾರು ಮಾಡಿಕೊಂಡರೆ ಕೊಳ್ಳುವವನೂ ಮಾರುವವನೂ ಇಬ್ಬರೂ ಮಾತಿಗೆ ಕಟ್ಟುಬೀಳುತ್ತಾರೆ. ಆಪ್ಷನ್‌ನಲ್ಲಿ ಕಟ್ಟುಬೀಳುವವರು ಒಡೆಯರು ಮಾತ್ರ. ಸಂಸ್ಥೆ ಬೇಕಾದರೆ ಕೊಳ್ಳಬಹುದು, ಬೇಡವಾದರೆ ಸುಮ್ಮನಿರಬಹುದು. ಹಾಲಿವುಡ್‌ನ ವಾಡಿಕೆಯಂತೆ ಪೂರ್ಣ ಬೆಲೆಯ ಸುಮಾರು 10 ಶೇಕಡಾ ಹಣಕ್ಕೆ 12ರಿಂದ 18 ತಿಂಗಳ ಅವಧಿ ಸಿಗುತ್ತದೆ, ಇನ್ನಷ್ಟು ಹಣ ಕೊಟ್ಟರೆ ಇನ್ನೊಂದು ಅವಧಿ. ಆ ಅವಧಿಯೊಳಗೆ ಬರಹದಲ್ಲಿ ತಿಳಿಸಿ ಪೂರ್ಣ ಬೆಲೆ ಕಟ್ಟಬೇಕು, ಅಥವಾ ಕರಾರಿನಲ್ಲಿ ಹಾಗಿದ್ದರೆ ಮುಖ್ಯ ಚಿತ್ರೀಕರಣ ಶುರುವಾಗಬೇಕು. ಒಂದು ದಿನ ತಡವಾದರೂ ಆಪ್ಷನ್ ಬಿದ್ದುಹೋಗುತ್ತದೆ. ಹಾಗಾಗಿ ‘ಆಪ್ಷನ್’ ಎಂದೇ ಇಟ್ಟು, ಅವಧಿಗೆ ‘ವಾಯಿದೆ’, ಕೊಳ್ಳುವ ನಿರ್ಧಾರಕ್ಕೆ ‘ಚಲಾಯಿಸು’ ಬಳಸಿ: ‘ವಾಯಿದೆಯೊಳಗೆ ಆಪ್ಷನ್ ಚಲಾಯಿಸಲಿಲ್ಲ’. ವಾಯಿದೆ ಎಂದರೆ ಗಡುವು ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆಪ್ಷನ್ ಪಡೆದ ಸುದ್ದಿಯನ್ನು ‘ಹಕ್ಕು ಖರೀದಿ’ ಎಂದು ಬರೆಯುವುದು ನಮ್ಮಲ್ಲಿ ಅತಿ ಸಾಮಾನ್ಯವಾದ ತಪ್ಪು.

ಟರ್ನ್‌ಅರೌಂಡ್‌ಗೆ ‘ತಿರುವು’ ಎಂದು ಬರೆದರೆ ಅರ್ಥವೇ ಕೆಡುತ್ತದೆ. ಕೈಬಿಟ್ಟ ಯೋಜನೆಯನ್ನು ನಿರ್ಮಾಪಕರು ಬೇರೆ ಸಂಸ್ಥೆಗೆ ಒಯ್ಯಲು ಕೊಡುವ ಅನುಮತಿ ಅದು. ಎರಡು ಷರತ್ತುಗಳು ಸಾಮಾನ್ಯ. ಮೊದಲ ಸಂಸ್ಥೆ ಆವರೆಗೆ ಮಾಡಿದ ಖರ್ಚನ್ನು ಬಡ್ಡಿ ಸಮೇತ ಕಟ್ಟಬೇಕು. ನಿರ್ದೇಶಕ, ಮುಖ್ಯ ನಟ, ಬಜೆಟ್ ಇಂಥವು ಬದಲಾದರೆ ಯೋಜನೆಯನ್ನು ಮತ್ತೆ ಮೊದಲ ಸಂಸ್ಥೆಯ ಮುಂದಿಟ್ಟು ಕೇಳಬೇಕು. ಗಾರ್ಡನ್ ಅವರಿಗೂ ಫಾಕ್ಸಿಗೂ 1994ರಲ್ಲಿ ಇಂಥ ಒಪ್ಪಂದವಾಗಿತ್ತು. ಅದರಂತೆ ಕಟ್ಟಬೇಕಾದ ಹಣ ಕಟ್ಟಿರಲಿಲ್ಲ ಎಂಬುದೇ ವಾರ್ನರ್‌ಗೆ ಮುಳುವಾಯಿತು. ನ್ಯಾಯಾಧೀಶ ಗ್ಯಾರಿ ಫೀಸ್ 2008ರ ಡಿಸೆಂಬರ್ 24ರಂದು, ಫಾಕ್ಸಿಗೆ ಕನಿಷ್ಠ ಪಕ್ಷ ಈ ಸಿನಿಮಾದ ವಿತರಣೆ ಹಕ್ಕಾದರೂ ಇದೆ ಎಂದರು. ಅಷ್ಟರಲ್ಲಿ ಚಿತ್ರೀಕರಣ ಮುಗಿದಿತ್ತು. ಜನವರಿ 2009ರಲ್ಲಿ ರಾಜಿಯಾಗಿ, ಮಾರ್ಚ್ 6ರಂದು ಸಿನಿಮಾ ಬಿಡುಗಡೆಯಾಯಿತು. ಟಿಪ್ಪಣಿಯಲ್ಲಿ ಮೊದಲ ಸಲ ‘ಟರ್ನ್‌ಅರೌಂಡ್, ಅಂದರೆ ಬೇರೆಡೆಗೆ ಒಯ್ಯುವ ಅನುಮತಿ’ ಎಂದು ಬರೆದು, ಮುಂದೆ ‘ಒಯ್ಯುವ ಅನುಮತಿ’ ಎಂದರಾಯಿತು.

ಉತ್ತರ 2:

ಮೇಲಿನದೆಲ್ಲ ಒಪ್ಪಿಗೆ. ರಿವರ್ಷನ್ ಬಗ್ಗೆ ನಾನು ಸೇರಿಸುತ್ತೇನೆ, ಏಕೆಂದರೆ ಅಲ್ಲಿ ಒಂದಲ್ಲ, ಎರಡು ಪದ ಬೇಕು.

ಕರಾರಿನ ಷರತ್ತು ಮುರಿದಾಗ ಅಥವಾ ವಾಯಿದೆ ಮುಗಿದಾಗ ಹಕ್ಕು ತಾನಾಗಿ ಮೂಲ ಒಡೆಯರಿಗೆ ಹೋಗುವುದು ಒಂದು ಬಗೆ. ಇದಕ್ಕೆ ‘ಮರಳುವುದು’ ಚೆನ್ನಾಗಿ ಹೊಂದುತ್ತದೆ. ‘ಸ್ಪೈಡರ್-ಮ್ಯಾನ್’ ಇದಕ್ಕೆ ಉದಾಹರಣೆ. 1985ರಲ್ಲಿ ಅದರ ಪ್ರಕಾಶಕ ಮಾರ್ವೆಲ್‌ನಿಂದ ಕ್ಯಾನನ್ ಫಿಲ್ಮ್ಸ್ 2,25,000 ಡಾಲರ್‌ಗೆ ಪಡೆದದ್ದು ಐದು ವರ್ಷದ ಹಕ್ಕು. ಆಮೇಲೆ ಕ್ಯಾನನ್ ನಡೆಸುತ್ತಿದ್ದವರಲ್ಲೊಬ್ಬರಾದ ಮೆನಾಹೆಮ್ ಗೋಲನ್ ಅದನ್ನು ತಮ್ಮ ಹೊಸ ಸಂಸ್ಥೆಗೆ ಒಯ್ದು, ಟಿವಿ ಹಕ್ಕು ವಯಾಕಾಮ್‌ಗೆ, ವಿಡಿಯೊ ಹಕ್ಕು ಕೊಲಂಬಿಯಾಗೆ ಮಾರಿದರು. 1990ರಲ್ಲಿ ಕರೋಲ್ಕೊ ಎಂಬ ಸಿನಿಮಾ ಸಂಸ್ಥೆ 50 ಲಕ್ಷ ಡಾಲರ್ ಕೊಟ್ಟು ಸಿನಿಮಾ ಹಕ್ಕು ಪಡೆಯಿತು. ಬಳಿಕ ದಾವೆಗಳ ಮೇಲೆ ದಾವೆ. ಕರೋಲ್ಕೊ ದಿವಾಳಿಯಾಯಿತು, ಗೋಲನ್ ಅವರ ಸಂಸ್ಥೆಯೂ, 1996ರಲ್ಲಿ ಮಾರ್ವೆಲ್ ಕೂಡ. ಮೂಲ ಹಕ್ಕಿನ ವಾಯಿದೆ ಮುಗಿದು ಎಲ್ಲವೂ ಮಾರ್ವೆಲ್‌ಗೇ ಮರಳಿದೆ ಎಂದು ಕೊನೆಗೆ ತೀರ್ಮಾನವಾಯಿತು. ಇಲ್ಲಿ ‘ಮಾರ್ವೆಲ್ ಹಕ್ಕು ವಾಪಸು ಪಡೆಯಿತು’ ಎಂದು ಬರೆದರೆ ತಪ್ಪು ಚಿತ್ರ ಮೂಡುತ್ತದೆ, ಏಕೆಂದರೆ ಬುಡದ ಹಕ್ಕಿನ ವಾಯಿದೆ ತೀರಿದ ಮೇಲೆ ಅದರ ಮೇಲೆ ಕಟ್ಟಿದ್ದ ಯಾವ ಹಕ್ಕಿಗೂ ನೆಲೆ ಉಳಿಯಲಿಲ್ಲ.

‘ವಾಪಸು ಪಡೆ’ ಎಂಬುದನ್ನು ಇನ್ನೊಂದು ಬಗೆಗೆ ಮೀಸಲಿಡಿ. ಅಮೆರಿಕದ 1976ರ ಹಕ್ಕುಸ್ವಾಮ್ಯ ಕಾಯ್ದೆಯಂತೆ, 1978ಕ್ಕೆ ಮುಂಚಿನ ಕೃತಿಯ ಹಕ್ಕನ್ನು ಬರೆದುಕೊಟ್ಟವರು ಅಥವಾ ಅವರ ವಾರಸುದಾರರು ಹಕ್ಕುಸ್ವಾಮ್ಯ ಶುರುವಾಗಿ 56 ವರ್ಷದ ನಂತರ ಅದನ್ನು ಮರಳಿ ಕೇಳಬಹುದು. ಆದರೆ ಎರಡರಿಂದ ಹತ್ತು ವರ್ಷ ಮುಂಚೆ ನೋಟಿಸು ಕೊಟ್ಟಿರಬೇಕು, ಗಡುವು ತಪ್ಪಿದರೆ ಏನೂ ಸಿಗದು. 1938ರಲ್ಲಿ 130 ಡಾಲರ್‌ಗೆ ಹೋದ ಸೂಪರ್‌ಮ್ಯಾನ್ ಕುರಿತು ಅದರ ಕರ್ತೃಗಳಲ್ಲೊಬ್ಬರಾದ ಜೆರ್ರಿ ಸೀಗಲ್ ಅವರ ವಾರಸುದಾರರು 1997ರಲ್ಲಿ ಕೊಟ್ಟ ನೋಟಿಸು ಈ ಬಗೆಯದು. ಸಂಬಳ ಕೊಟ್ಟು ಅಥವಾ ಹೇಳಿ ಮಾಡಿಸಿದ ಕೃತಿಗೆ ಈ ಅವಕಾಶವಿಲ್ಲ, ಕಾಮಿಕ್ಸ್ ಕಲಾವಿದ ಜ್ಯಾಕ್ ಕರ್ಬಿ ಅವರ ಮಕ್ಕಳು ಮಾರ್ವೆಲ್ ವಿರುದ್ಧ ಕೆಳಗಿನ ನ್ಯಾಯಾಲಯದಲ್ಲಿ ಸೋತದ್ದು ಇದೇ ಕಾರಣಕ್ಕೆ. ಅಂಥ ಕೃತಿಗೆ ‘ಬಾಡಿಗೆ ಕೃತಿ’ ಎಂಬ ಅನುವಾದ ಕಂಡಿದೆ, ದಯವಿಟ್ಟು ಬೇಡ. ‘ಹೇಳಿ ಮಾಡಿಸಿದ ಕೃತಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

‘ವಾಚ್‌ಮೆನ್’ಗೂ ಒಂದು ಮರಳುವ ಷರತ್ತು ಇತ್ತು: ಪುಸ್ತಕದ ಮುದ್ರಣ ನಿಂತರೆ ಹಕ್ಕು ಅದನ್ನು ಬರೆದ ಅಲನ್ ಮೂರ್ ಮತ್ತು ಚಿತ್ರ ಬಿಡಿಸಿದ ಡೇವ್ ಗಿಬನ್ಸ್ ಅವರಿಗೆ. ಡಿಸಿ ಮುದ್ರಣ ನಿಲ್ಲಿಸಲೇ ಇಲ್ಲ, ಹಾಗಾಗಿ ಹಕ್ಕು ಮರಳಲೇ ಇಲ್ಲ. ಕರ್ತೃಗಳ ಅಸಮಾಧಾನಕ್ಕೆ ನ್ಯಾಯವಾದ ಕಾರಣವಿದೆ, ಟಿಪ್ಪಣಿಯಲ್ಲಿ ಒಂದು ಸಾಲಾದರೂ ಅದಕ್ಕಿರಲಿ.

ಇನ್ನೊಂದು ಎಚ್ಚರಿಕೆ ‘ರೂಪಾಂತರ ಹಕ್ಕು’ ಕುರಿತು. ನಾಟಕದವರು ಬಳಸುವ ಒಳ್ಳೆಯ ಪದ. ಆದರೆ ಮಾರ್ವೆಲ್ ಕಾಮಿಕ್ಸಿನ ಎಕ್ಸ್-ಮೆನ್ ವಿಚಾರ ಬಂದಾಗ ಕೈಕೊಡುತ್ತದೆ, ಏಕೆಂದರೆ ಅಲ್ಲಿನ ಮ್ಯೂಟಂಟ್‌ಗೆ (ಹುಟ್ಟಿನಿಂದಲೇ ವಿಶೇಷ ಶಕ್ತಿಯಿರುವವರಿಗೆ) ಈಗ ‘ರೂಪಾಂತರಿ’ ರೂಢಿಯಾಗಿದೆ. ಕ್ವಿಕ್‌ಸಿಲ್ವರ್, ಸ್ಕಾರ್ಲೆಟ್ ವಿಚ್ ಎಂಬ ಅವಳಿ ಒಡಹುಟ್ಟಿದವರನ್ನು ಎಕ್ಸ್-ಮೆನ್ ಸಿನಿಮಾ ಹಕ್ಕಿದ್ದ ಫಾಕ್ಸೂ ಬಳಸಬಹುದಿತ್ತು, ಮಾರ್ವೆಲ್ಲೂ ಬಳಸಬಹುದಿತ್ತು. ಆದರೆ ಮ್ಯೂಟಂಟ್ ಎಂಬ ಪದ ಫಾಕ್ಸಿನ ಪಾಲಿಗೆ ಹೋಗಿತ್ತು. 2015ರ ಮಾರ್ವೆಲ್ ಸಿನಿಮಾದಲ್ಲಿ ಅವರಿಬ್ಬರನ್ನು ಹಾಗೆ ಕರೆದಿಲ್ಲ. ಅಂಥ ಬರಹದಲ್ಲಿ ‘ಸಿನಿಮಾ ಹಕ್ಕು’ ಎಂದೇ ಬರೆಯಿರಿ.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ಧನ್ಯವಾದ. ತಿದ್ದಿದ ವಾಕ್ಯ ಹೀಗಿದೆ: ‘ಫಾಕ್ಸ್ ಕಾಮಿಕ್ಸಿನ ಸಿನಿಮಾ ಹಕ್ಕು ಪಡೆದಿತ್ತು. 1991ರಲ್ಲಿ ಲಾರ್ಗೊ ಸಂಸ್ಥೆಗೆ ಖುಲಾಸೆ ಪತ್ರ ಬರೆದುಕೊಟ್ಟರೂ ವಿತರಣೆ ಹಕ್ಕನ್ನು ಉಳಿಸಿಕೊಂಡಿತು. 1994ರಲ್ಲಿ ನಿರ್ಮಾಪಕರಿಗೆ ಒಯ್ಯುವ ಅನುಮತಿ ಕೊಟ್ಟಿತು.’

ಉತ್ತರ 1:

ಸರಿಯಾಗಿದೆ. ಕೊನೆಯ ವಾಕ್ಯಕ್ಕೆ ‘ಖರ್ಚು ಕಟ್ಟಿಕೊಡುವ ಷರತ್ತಿನ ಮೇಲೆ’ ಎಂದು ಸೇರಿಸಿ. ಆ ಷರತ್ತು ಬಿಟ್ಟರೆ ತೀರ್ಪು ಫಾಕ್ಸಿನ ಕಡೆ ಏಕೆ ಹೋಯಿತು ಎಂಬುದು ಓದುಗರಿಗೆ ತಿಳಿಯುವುದಿಲ್ಲ.