ಐದು ವರ್ಷ ಯಾರೂ ಅಲ್ಲಾಡಿಸಬಾರದೇ? ಮನೆ ಗುಂಪಿನ ಚರ್ಚೆ

ಶಂಕರ ಮಾವ, ಬದಿಯಡ್ಕ: (ಫಾರ್ವರ್ಡ್) ‘ಭಾರತಕ್ಕೂ ಅಮೆರಿಕದ ಹಾಗೆ ಅಧ್ಯಕ್ಷರ ಆಡಳಿತ ಬೇಕು. ಜನರೇ ನೇರವಾಗಿ ಒಬ್ಬರನ್ನು ಆರಿಸಲಿ. ಐದು ವರ್ಷ ಯಾರೂ ಅಲ್ಲಾಡಿಸಬಾರದು.’ ಎಲ್ಲರೂ ಓದಿ. ನೂರಕ್ಕೆ ನೂರು ಸರಿ.

ವಿದ್ಯಾ: ಮಾವ, ಅಮೆರಿಕದಲ್ಲೂ ನೇರ ಆಯ್ಕೆ ಇಲ್ಲ. 2016ರಲ್ಲಿ ಕಡಿಮೆ ಮತ ಬಿದ್ದವರೇ ಗೆದ್ದರು. ಅದಿರಲಿ, ‘ಯಾರೂ ಅಲ್ಲಾಡಿಸಬಾರದು’ ಅನ್ನುವುದೇ ನನಗೆ ಭಯ. 1948ರ ನವೆಂಬರ್ 4ರಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಇದನ್ನೇ ಬಿಡಿಸಿ ಹೇಳಿದ್ದರು. ಅಮೆರಿಕದ ಪದ್ಧತಿಯಲ್ಲಿ ಸ್ಥಿರತೆ ಜಾಸ್ತಿ, ಬ್ರಿಟನ್ನಿನದರಲ್ಲಿ ಹೊಣೆಗಾರಿಕೆ ಜಾಸ್ತಿ. ಎರಡೂ ಸಮನಾಗಿ ಸಿಗುವುದಿಲ್ಲ. ನಮ್ಮ ಸಂವಿಧಾನದ ಕರಡು ಹೊಣೆಗಾರಿಕೆಯನ್ನು ಆರಿಸಿಕೊಂಡಿತು. ಪ್ರಶ್ನೆ, ಚರ್ಚೆ, ಅವಿಶ್ವಾಸ ಗೊತ್ತುವಳಿ ಇರುವುದರಿಂದ ದಿನವೂ ಲೆಕ್ಕ ಕೇಳಬಹುದು.

ಶಂಕರ ಮಾವ: ಕೇಳುವವರು ಯಾರು? 1985ರಿಂದ ಪಕ್ಷಾಂತರ ನಿಷೇಧ ಇದೆ. ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಬಂದರೆ ಎಂಪಿ ಕೈ ಎತ್ತಲೇಬೇಕು, ಇಲ್ಲದಿದ್ದರೆ ಸೀಟು ಹೋಗಬಹುದು. ಅಮೆರಿಕದ ಸಂಸದ ತನ್ನದೇ ಪಕ್ಷದ ಅಧ್ಯಕ್ಷನ ವಿರುದ್ಧ ಮತ ಹಾಕಿದರೂ ಸೀಟು ಹೋಗುವುದಿಲ್ಲ.

ಸುಮಿತ್ರಕ್ಕ, ಕುಂಬಳೆ: ಅದು ನಿಜ. ಹಾಗಂತ ಇಡೀ ಪದ್ಧತಿ ಯಾಕೆ ಬದಲಿಸಬೇಕು? ವಿಶ್ವಾಸಮತ, ಹಣಕಾಸು ಮಸೂದೆಯಂಥ ಕೆಲವಕ್ಕೆ ಮಾತ್ರ ವಿಪ್ ಸಾಕು ಅಂತ 1990ರಲ್ಲೇ ಚುನಾವಣಾ ಸುಧಾರಣೆಯ ದಿನೇಶ್ ಗೋಸ್ವಾಮಿ ಸಮಿತಿ ಹೇಳಿತ್ತು. ಶ್ರೀಲಂಕಾ ನೋಡಿ. 1978ರಲ್ಲಿ ಅಧ್ಯಕ್ಷರಿಗೆ ಭಾರೀ ಅಧಿಕಾರ ಕೊಟ್ಟರು. 2015ರಲ್ಲಿ ಕಡಿಮೆ ಮಾಡಿದರು, 2020ರಲ್ಲಿ ಮತ್ತೆ ಜಾಸ್ತಿ, 2022ರಲ್ಲಿ ಮತ್ತೆ ಕಡಿಮೆ. ನಡುವೆ 2018ರಲ್ಲಿ ಅಧ್ಯಕ್ಷರು ಪ್ರಧಾನಿಯನ್ನು ತೆಗೆದರು, ಸಂಸತ್ತನ್ನೂ ವಿಸರ್ಜಿಸಿದರು. ವಿಸರ್ಜನೆ ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಶಂಕರ ಮಾವ: ನಮ್ಮ ರಾಷ್ಟ್ರಪತಿ ಬರೀ ರಬ್ಬರ್ ಸ್ಟಾಂಪ್. ಅದು ಸರಿಯಾ?

ವಿದ್ಯಾ: ಪೂರ್ತಿ ಹಾಗಿಲ್ಲ ಮಾವ. ಸಂಪುಟದ ಸಲಹೆ ಒಪ್ಪಲೇಬೇಕು ಅಂತ 1976ರ 42ನೇ ತಿದ್ದುಪಡಿ ಹೇಳಿತು. ಒಂದು ಸಲ ವಾಪಸ್ ಕಳಿಸಬಹುದು ಅಂತ 1978ರ 44ನೇದು ಸೇರಿಸಿತು. ಕೇರಳದವರೇ ಆದ ಕೆ.ಆರ್. ನಾರಾಯಣನ್ 1997ರಲ್ಲಿ ಉತ್ತರ ಪ್ರದೇಶದ ರಾಷ್ಟ್ರಪತಿ ಆಳ್ವಿಕೆಯ ಸಲಹೆಯನ್ನು ಹಾಗೆ ವಾಪಸ್ ಕಳಿಸಿದರು. ಸಂಪುಟ ಅದನ್ನು ಅಲ್ಲಿಗೇ ಬಿಟ್ಟಿತು.

ಇನ್ನು ನಮ್ಮ ಕಾಸರಗೋಡಿನ ವಿಷಯ. ಸಂವಿಧಾನದ 350ಬಿ ವಿಧಿ ಬಂದದ್ದು 1956ರಲ್ಲಿ, ನಾವು ಕೇರಳಕ್ಕೆ ಸೇರಿದ ವರ್ಷ. ಭಾಷಾ ಅಲ್ಪಸಂಖ್ಯಾತರ ವಿಶೇಷ ಅಧಿಕಾರಿ ರಾಷ್ಟ್ರಪತಿಗೆ ವರದಿ ಕೊಡುತ್ತಾರೆ. ರಾಷ್ಟ್ರಪತಿ ಅದನ್ನು ಸಂಸತ್ತಿನ ಎರಡೂ ಸದನಗಳ ಮುಂದೆ ಇಡಿಸಲೇಬೇಕು. ದೇಶಕ್ಕೆಲ್ಲ ಒಬ್ಬರನ್ನೇ ಆರಿಸುವ ಚುನಾವಣೆಯಲ್ಲಿ ಮಂಜೇಶ್ವರದ ಕನ್ನಡಿಗರ ಮತ ಯಾರ ಲೆಕ್ಕಕ್ಕೆ ಬರುತ್ತದೆ? ಈಗ ಕನ್ನಡ ಬಾರದ ಟೀಚರನ್ನು ಕನ್ನಡ ಶಾಲೆಗೆ ಹಾಕಿದರೆ, ತಿರುವನಂತಪುರದ ಸದನದಲ್ಲಿ ಮಂತ್ರಿಯನ್ನೇ ಕೇಳಲು ನಮ್ಮ ಎಮ್ಮೆಲ್ಲೆ ಇದ್ದಾರೆ. ವಿಪ್ ಇರುವುದು ಮತಕ್ಕೆ, ಪ್ರಶ್ನೆಗಲ್ಲ.

ಶಂಕರ ಮಾವ: ಶಾಲೆಯ ಮಾತು ಒಪ್ಪಿದೆ. ವಿಪ್ ಸಡಿಲ ಆಗುವವರೆಗೆ ಉಳಿದದ್ದು ಒಪ್ಪುವುದಿಲ್ಲ. ಸುಮಿತ್ರಾ, ಆ ಸಮಿತಿಯ ವರದಿ ಸಿಕ್ಕಿದರೆ ಇಲ್ಲಿ ಹಾಕು.