ಕೆನಡಾದ ಅಲ್ಗಾಂಕ್ವಿನ್ ಪಾರ್ಕಿನಲ್ಲಿ ದೋಣಿ ಹೊರುವುದು ನಮ್ಮಿಂದಾಗುತ್ತಾ?

ಮಿಸ್ಸಿಸಾಗದಿಂದ:
ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ನಾನು, ನಮ್ಮನೆಯವರು ಕನೂ ಲೇಕಿನಿಂದ ಜೋ ಲೇಕಿಗೆ ಹೋಗುತ್ತಿದ್ದೇವೆ. ನಡುವೆ 295 ಮೀಟರ್ ಪೋರ್ಟೇಜ್, ಅಂದರೆ ನೆಲದ ದಾರಿ ಇದೆ, ದೋಣಿ ಹೊತ್ತುಕೊಂಡೇ ದಾಟಬೇಕು. ಇಬ್ಬರೂ ಒಂದೊಂದು ತುದಿ ಹಿಡಿದರೆ ಸಾಕಲ್ವಾ?

ಕರಾವಳಿಯವನು:
ಬೇಡ ಮೇಡಂ. ಒಬ್ಬರೇ ಹೊರುವುದು ಸುಲಭ. ಇಬ್ಬರ ಹೆಜ್ಜೆ ಹೊಂದುವುದಿಲ್ಲ, ಬೇರು ಕಲ್ಲು ಬಂದಾಗ ಒಬ್ಬರನ್ನೊಬ್ಬರು ಎಳೆದಾಡಿದ ಹಾಗಾಗುತ್ತದೆ. ದೋಣಿಯ ನಟ್ಟನಡುವೆ ಅಡ್ಡಕ್ಕೆ ಒಂದು ನೊಗ ಇರುತ್ತದೆ, ಕುತ್ತಿಗೆಗೆ ಜಾಗ ಬಿಟ್ಟು ಕೆತ್ತಿರುತ್ತಾರೆ. ದೋಣಿ ಮಗುಚಿ ಹೊತ್ತಾಗ ಆ ನೊಗ ಹೆಗಲ ಮೇಲೆ ಕೂರಬೇಕು. ಲೈಫ್ ಜಾಕೆಟ್ ಬಿಚ್ಚಬೇಡಿ, ಹೆಗಲಿಗೆ ಅದೇ ಮೆತ್ತೆ. ದೋಣಿಯ ಮೂತಿ, ಅಂದರೆ ಮುಂದಿನ ತುದಿ, ಸ್ವಲ್ಪ ಮೇಲಿದ್ದರೆ ದಾರಿ ಕಾಣುತ್ತದೆ.

ಬಾಡಿಗೆಗೆ ಕೆವ್ಲರ್ (ಹಗುರವಾದ ಗಟ್ಟಿ ನಾರು) ದೋಣಿಯನ್ನೇ ಕೇಳಿ. ಸುಮಾರು 20 ಕೆಜಿ. ಅಲ್ಯುಮಿನಿಯಂದು 30 ದಾಟುತ್ತದೆ. ದುಡ್ಡು ಜಾಸ್ತಿ ಆದರೂ ಇಲ್ಲಿ ಉಳಿಸಲು ಹೋಗಬೇಡಿ.

ಮಿಸ್ಸಿಸಾಗದಿಂದ:
ಹೊರಬಹುದು ಸರ್, ತಲೆ ಮೇಲೆ ಎತ್ತುವುದೇ ಭಯ. ನಮ್ಮನೆಯವರಿಗೆ ಸೊಂಟ ನೋವು ಬೇರೆ.

ಕರಾವಳಿಯವನು:
ಹಾಗಿದ್ದರೆ ನೀವೇ ಹೊರಿ, ಎತ್ತಲು ಮಾತ್ರ ಅವರ ಸಹಾಯ ಇರಲಿ. ಊರಲ್ಲಿ ಹುಲ್ಲಿನ ಹೊರೆ ಎತ್ತಿಸಿಕೊಳ್ಳುತ್ತಾರಲ್ಲ, ಹಾಗೇ. ದೋಣಿ ಮಗುಚಿ, ಹಿಂದಿನ ತುದಿ ನೆಲದಲ್ಲೇ ಬಿಡಿ. ಅವರು ಮೂತಿಯನ್ನು ತಲೆಗಿಂತ ಎತ್ತರಕ್ಕೆ ಹಿಡಿದು ನಿಲ್ಲಲಿ. ನೀವು ಕೆಳಗೆ ನುಗ್ಗಿ, ನೊಗಕ್ಕೆ ಹೆಗಲು ಕೊಟ್ಟು, ಕಾಲಿನ ಬಲದಿಂದ ಏಳಿ. ಹಿಂದಿನ ತುದಿ ತಾನೇ ಮೇಲೇಳುತ್ತದೆ. ಇಳಿಸುವಾಗಲೂ ಅವರೇ ಮೂತಿ ಹಿಡಿಯಲಿ.

ಒಂದೇ ಸಲಕ್ಕೆ ಎಲ್ಲ ಹೊರುವ ಹಟ ಬೇಡ. ಚೀಲ ಇಟ್ಟು ಬಂದು ದೋಣಿ ತಗೊಂಡು ಹೋದರೂ ಒಟ್ಟು 885 ಮೀಟರ್ ನಡಿಗೆ ಅಷ್ಟೇ.

ಇನ್ನೊಂದು ಮಾತು. ಈ ಕಡೆಯ ಎಷ್ಟೋ ಪೋರ್ಟೇಜ್ ದಾರಿಗಳು ಮೂಲನಿವಾಸಿಗಳು ತುಳಿದು ಮಾಡಿದ್ದು. ಅಮೆರಿಕದ ಮಿನ್ನೆಸೋಟದ ಗ್ರ್ಯಾಂಡ್ ಪೋರ್ಟೇಜ್ ನೋಡಿ. ಪಿಜನ್ ನದಿಯ ಜಲಪಾತಗಳನ್ನು ತಪ್ಪಿಸಲು ಅನಿಶಿನಾಬೆ ಜನ ಬಳಸುತ್ತಿದ್ದ ಸುಮಾರು 13.5 ಕಿಮೀ ದಾರಿ ಅದು. ತುಪ್ಪಳ ವ್ಯಾಪಾರದ ಕಾಲದಲ್ಲಿ ಕೂಲಿಯವರು ಅಲ್ಲಿ ತಲಾ 41 ಕೆಜಿಯ ಎರಡೆರಡು ಮೂಟೆ ಹೊರುತ್ತಿದ್ದರು, ಮೂಟೆಯ ಪಟ್ಟಿಯನ್ನು ಹಣೆಗೆ ಕೊಟ್ಟು. ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ವಾಟರ್ಲೂವಿನಿಂದ:
ಸೊಳ್ಳೆಗೆ ತಲೆ ಮೇಲೆ ಹಾಕುವ ಬಲೆ ತಗೊಳ್ಳಿ. ದೋಣಿ ಹೊತ್ತಾಗ ಓಡಿಸಲು ಕೈ ಖಾಲಿ ಇರಲ್ಲ. ಪಾರ್ಕಿನ ಒಳಭಾಗಕ್ಕೆ ಗಾಜಿನ ಬಾಟಲಿ, ಟಿನ್ ಡಬ್ಬಿಯ ಆಹಾರ ಒಯ್ಯುವಂತಿಲ್ಲ. ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬದಲ್ಲಿರಲಿ.

ಮಿಸ್ಸಿಸಾಗದಿಂದ:
ತುಂಬಾ ಥ್ಯಾಂಕ್ಸ್. ಕೆವ್ಲರ್ ದೋಣಿಯನ್ನೇ ಬುಕ್ ಮಾಡಿದೆ.