ಓದುಗರ ಸ್ಪಂದನ: ರಿಜಿಸ್ಟರಿನಲ್ಲಿ 24 ಅಂತ ಬರೆಯಲೇ?

ಕಳೆದ ಸಂಚಿಕೆಯ ಪ್ರಶ್ನೆ ನೆನಪಿದೆಯಲ್ಲ? ಕೇಳಿದವರು 26 ವರ್ಷದ ಸೈಟ್ ಎಂಜಿನಿಯರ್. ಒಂದು ಅಪಾರ್ಟ್‌ಮೆಂಟಿನ ನೆಲಮಹಡಿಯ ಕಾಲಂಗಳಿಗೆ ಎಂ20 ಕಾಂಕ್ರೀಟ್ ಹಾಕಿಸಿ, ಅದೇ ಕಾಂಕ್ರೀಟಿನಿಂದ ಪರೀಕ್ಷೆಗೆಂದು ಮಾಡಿಟ್ಟ ಮೂರು ಕ್ಯೂಬ್ 28 ದಿನ ಆದ ಮೇಲೆ ಒಡೆಸಿದರು. ಬಲ ಚದರ ಮಿಲಿಮೀಟರಿಗೆ 20 ನ್ಯೂಟನ್ ಬರಬೇಕಿತ್ತು, ಎಂ20 ಅಂದರೆ ಅದೇ. ಬಂದದ್ದು 14.2, 14.7, 15.1. ಅಷ್ಟರಲ್ಲಿ ಮೇಲಿನ ಸ್ಲ್ಯಾಬ್ ಕೂಡ ಹಾಕಿ ಆಗಿತ್ತು. "ಬೇರೆ ಕ್ಯೂಬ್ ಮಾಡಿ ಲ್ಯಾಬಿಗೆ ಕಳಿಸು, ರಿಜಿಸ್ಟರಿನಲ್ಲಿ 24 ಅಂತ ಬರಿ" ಎಂದು ಮೇಲಿನವರು ಹೇಳಿದ್ದಾರೆ. ಮನೆಯಲ್ಲಿ ಅಪ್ಪನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಸಂಬಳ ಇವರೊಬ್ಬರದೇ. ಸಹಿ ಹಾಕಿ ಸುಮ್ಮನಿರಲೇ, ಕೆಲಸ ಬಿಡಲೇ ಎಂದು ಕೇಳಿದ್ದರು.

ಬಂದ ಪತ್ರಗಳಲ್ಲಿ ಅತಿ ಚಿಕ್ಕದರಿಂದ ಶುರು ಮಾಡೋಣ.

*

14 ಬಂದರೆ 14 ಅಂತ ಬರೆಯಬೇಕು. ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಇದನ್ನೂ ಪತ್ರಿಕೆಗೆ ಬರೆದು ಕೇಳಬೇಕಾ?

– ನಿವೃತ್ತ ಗಣಿತ ಶಿಕ್ಷಕ, ಬೆಳಗಾವಿ

*

ಒಂದನೇ ಕ್ಲಾಸಿನ ಮಕ್ಕಳಿಗೆ ಮನೆ ಬಾಡಿಗೆ ಇರುವುದಿಲ್ಲ, ಮೇಷ್ಟ್ರೇ. ಇದಕ್ಕೆ ಪೂರ್ತಿ ಉಲ್ಟಾ ಮಾತು ತುಮಕೂರಿನಿಂದ ಬಂದಿದೆ.

*

ನಾನು 22 ವರ್ಷದಿಂದ ಕಂಟ್ರ್ಯಾಕ್ಟರ್. ಹುಡುಗಿ ಸುಮ್ನೆ ಹೆದರಿಕೊಂಡಿದ್ದಾಳೆ. ಡಿಸೈನ್ ಮಾಡುವಾಗ ಬರುವ ಭಾರವನ್ನು ಒಂದೂವರೆ ಪಟ್ಟು ಮಾಡಿಕೊಳ್ಳುತ್ತಾರೆ. ಕಾಂಕ್ರೀಟಿನ ಬಲವನ್ನು ಒಂದೂವರೆಯಿಂದ ಭಾಗಿಸುತ್ತಾರೆ. ಕಂಬಿಗೂ 1.15 ಅಂತ ಬಿಟ್ಟಿರುತ್ತಾರೆ. ಇಷ್ಟೆಲ್ಲ ಬಿಡುವುದು ಯಾತಕ್ಕೆ? ಹೆಚ್ಚುಕಮ್ಮಿ ಆಗಲಿ ಅಂತಲೇ ಅಲ್ವಾ? 14 ಬಂದ ಕಟ್ಟಡ ನಾನೇ ತೋರಿಸುತ್ತೇನೆ, ಹದಿನೈದು ವರ್ಷದಿಂದ ಜನ ಆರಾಮಾಗಿದ್ದಾರೆ. ಸಹಿ ಹಾಕಮ್ಮ. ಮುಂದಿನ ಸ್ಲ್ಯಾಬಿಗೆ ಎರಡು ಮೂಟೆ ಸಿಮೆಂಟ್ ಜಾಸ್ತಿ ಹಾಕಿಸು. ಅಪ್ಪನನ್ನು ಚೆನ್ನಾಗಿ ನೋಡಿಕೋ.

– ಹೆಸರು ಬೇಡ, ತುಮಕೂರು

*

ಅಂಕಿಗಳು ಸರಿಯಾಗಿಯೇ ಇವೆ. ಆ ಹದಿನೈದು ವರ್ಷದ ಕಟ್ಟಡದ ವಿಳಾಸ ಮಾತ್ರ ಪತ್ರದಲ್ಲಿಲ್ಲ.

*

ನಮ್ಮ ಧಾರವಾಡದ ಕುಮಾರೇಶ್ವರ ನಗರಕ್ಕ ಒಮ್ಮೆ ಬಂದು ಹೋಗ್ರಿ. 2019ರ ಮಾರ್ಚ್ 19. ಕಟ್ಟೋದು ಇನ್ನೂ ಮುಗಿದಿರಲಿಲ್ಲ, ಕೆಳಗ ಅಂಗಡಿ ಚಾಲೂ ಇದ್ದವು. ಬಿಲ್ಡಿಂಗ್ ಕುಸಿದು 19 ಮಂದಿ ಹೋದರು. ಅವಶೇಷದೊಳಗಿಂದ ದಿನಗಟ್ಟಲೆ ಮಂದೀನ ತಗೀತಿದ್ದರು. ನಾವು ರಸ್ತೆ ಆ ಕಡೆ ನಿಂತು ನೋಡತಿದ್ದಿವಿ. ಅಷ್ಟ.

– ಔಷಧಿ ಅಂಗಡಿಯವರು, ಧಾರವಾಡ

*

ಮುಂದಿನ ಪತ್ರವನ್ನು ಒಂದಕ್ಷರ ಕತ್ತರಿಸದೆ ಹಾಕಿದ್ದೇವೆ.

*

ಮಂಗಳೂರಿನ ಒಂದು ಪರೀಕ್ಷಾ ಲ್ಯಾಬಿನಲ್ಲಿ ಒಂಬತ್ತು ವರ್ಷ ಕ್ಯೂಬ್ ಒಡೆದವಳು ನಾನು. ಒಂದೊಂದು ಎಂಟು ಕೆಜಿ ತೂಗುತ್ತದೆ, ಸಂಜೆಗೆ ಭುಜ ಬಿದ್ದುಹೋಗಿರುತ್ತದೆ. 15 ಸೆಂಟಿಮೀಟರಿನ ಕ್ಯೂಬ್ ಎಂ20 ಆಗಿದ್ದರೆ ಯಂತ್ರದ ಮುಳ್ಳು 450 ಕಿಲೋನ್ಯೂಟನ್ ಮುಟ್ಟಬೇಕು. ನಿಮ್ಮವು 320, 330, 340ಕ್ಕೆ ಕೈಬಿಟ್ಟಿರುತ್ತವೆ.

"ಬೇರೆ ಕ್ಯೂಬ್" ಬಂದರೆ ನಮಗೆ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ. ಸ್ಲ್ಯಾಬಿನ ಕಾಂಕ್ರೀಟ್ ಒಂದು ಕಡೆ, ಕ್ಯೂಬಿಗೆ ಬಾಂಡ್ಲಿಯಲ್ಲಿ ಕಲಸಿದ್ದು ಇನ್ನೊಂದು ಕಡೆ. ಮೂಲೆಗಳು ಚೂಪಾಗಿರುತ್ತವೆ, ಮೈ ನುಣ್ಣಗಿರುತ್ತದೆ. ಒಡೆದಾಗ ಜಲ್ಲಿಯೇ ಸೀಳಿರುತ್ತದೆ. ಬಡ ಕಾಂಕ್ರೀಟ್ ಹಾಗಲ್ಲ. ಜಲ್ಲಿ ಇಡಿಯಾಗಿ ಉಳಿದು ಸುತ್ತಲಿನ ಗಾರೆ ಬಿಟ್ಟುಕೊಂಡಿರುತ್ತದೆ, ಬೆರಳಲ್ಲಿ ತಿಕ್ಕಿದರೆ ಪುಡಿ. ನಮಗೆ ಗೊತ್ತಾಗುತ್ತದೆ. ಆದರೆ ನಾವು ಬರೆಯುವುದು ಮುಳ್ಳು ತೋರಿಸಿದ್ದನ್ನು ಮಾತ್ರ. ಅದು ನಮ್ಮ ಪಾಪ.

ಈಗ ಕೆಲಸದ ಮಾತು. ಕ್ಯೂಬ್ ಫೇಲ್ ಆದ ಮಾತ್ರಕ್ಕೆ ಕಾಲಂ ಫೇಲ್ ಅಂತಲ್ಲ. ಕ್ಯೂಬಿಗೆ ಸರಿಯಾಗಿ ಕುಟ್ಟಿರಲಿಕ್ಕಿಲ್ಲ. ತೊಟ್ಟಿಯ ನೀರಿನಲ್ಲಿ ಇಡದೆ ಬಿಸಿಲಲ್ಲಿ ಬಿಟ್ಟಿರಬಹುದು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಇದಕ್ಕೆ ದಾರಿ ಹೇಳಿದೆ. ಕಾಲಂಗಳಿಂದಲೇ ಕೋರ್, ಅಂದರೆ ಕಾಂಕ್ರೀಟಿನ ಉರುಳೆ ತುಂಡು, ಕೊರೆಸಿ ತೆಗೆಸಿ, ಕನಿಷ್ಠ ಮೂರು. ಅದನ್ನು ಕ್ಯೂಬಿನ ಲೆಕ್ಕಕ್ಕೆ ತಂದ ಮೇಲೆ ಸರಾಸರಿ ಬೇಕಾದ ಬಲದ 85% ಇರಬೇಕು, ಯಾವ ಒಂದೂ 75%ಗಿಂತ ಕೆಳಗಿರಬಾರದು. ಎಂ20ಕ್ಕೆ ಅಂದರೆ 17 ಮತ್ತು 15. ಪಾಸಾದರೆ ಎಲ್ಲರೂ ನಿದ್ದೆ ಮಾಡಬಹುದು. ಆಗಲಿಲ್ಲ ಅನ್ನಿ, ಡಿಸೈನರ್ ಮತ್ತೆ ಲೆಕ್ಕ ಹಾಕಲಿ. ಕಾಲಂ ಸುತ್ತ ಹೊಸ ಕಂಬಿ ಕಟ್ಟಿ ಕಾಂಕ್ರೀಟ್ ಜಾಕೆಟ್ ಹಾಕಬಹುದು. ಖರ್ಚಾಗುತ್ತದೆ, ಅಷ್ಟೇ.

24 ಅಂತ ಬರೆದುಬಿಟ್ಟರೆ ಈ ದಾರಿಗಳೆಲ್ಲ ಮುಚ್ಚಿದ ಹಾಗೆ. 24 ಬಂದ ಕಾಲಂಗೆ ಯಾರು ಕೋರ್ ತೆಗೆಸುತ್ತಾರೆ ಹೇಳಿ? ಡಿಸೈನರ್‌ಗೆ ಇವತ್ತೇ ಇಮೇಲ್ ಹಾಕಿ. ಫೋನಲ್ಲಿ ಬೇಡ.

– ಮಂಗಳೂರು

*

ಸಹಿಗೂ ರಾಜೀನಾಮೆಗೂ ನಡುವೆ ಜಾಗ ಇದೆ ಎಂದವರು ಇವರೊಬ್ಬರೇ. ಮುಂದಿನದು ಉದ್ದದ ಪತ್ರ. ಚಿಕ್ಕದು ಮಾಡಲು ಮನಸ್ಸು ಬರಲಿಲ್ಲ.

*

ಮೇಡಂ, ನಿಮ್ಮ ಪ್ರಶ್ನೆ ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ. ಮನೆಯವರು ಏನಾಯಿತು ಎಂದು ಕೇಳಿದರು. ಹೊಟ್ಟೆ ಸರಿ ಇಲ್ಲ ಅಂದೆ.

ನಾನು 1989ರಲ್ಲಿ ಇಲಾಖೆಯೊಂದಕ್ಕೆ ಜೂನಿಯರ್ ಎಂಜಿನಿಯರ್ ಆಗಿ ಸೇರಿದವನು. ಮೂರನೇ ವರ್ಷ ಮಲೆನಾಡಿನ ಅಂಚಿನ ಒಂದು ಹಳ್ಳಿಯಲ್ಲಿ ಎರಡು ಕೋಣೆಯ ಶಾಲೆ ಕಟ್ಟಿಸುತ್ತಿದ್ದೆವು. ಬಾಗಿಲ ಮೇಲೆ ಸಜ್ಜಾ, ಎರಡೂವರೆ ಅಡಿ ಹೊರಕ್ಕೆ. ಎರಡು ಕಡೆ ಗೋಡೆ ಮೇಲೆ ಕೂತ ಸ್ಲ್ಯಾಬ್ ಆದರೆ ನಡುವೆ ಜಗ್ಗುತ್ತದೆ, ಕಂಬಿ ತಳದಲ್ಲಿರಬೇಕು. ಸಜ್ಜಾ ಒಂದೇ ಕಡೆ ಹಿಡಿದುಕೊಂಡು ಗಾಳಿಯಲ್ಲಿ ಚಾಚಿರುತ್ತದೆ. ಎಳೆತ ಮೇಲ್ಭಾಗಕ್ಕೆ. ಕಂಬಿಯೂ ಮೇಲೆಯೇ ಇರಬೇಕು. ಡಿಪ್ಲೊಮಾ ಹುಡುಗರಿಗೂ ಗೊತ್ತಿರುವ ಪಾಠ.

ಕಂಬಿ ಕಟ್ಟಿದ ದಿನ ನಾನು ಹೋಗಿ ನೋಡಬೇಕಿತ್ತು. ಬಸ್ಸು ತಪ್ಪಿತು ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಬಸ್ಸು ತಪ್ಪಿರಲಿಲ್ಲ. ಅಕ್ಕನ ಮಗನ ನಾಮಕರಣ ಇತ್ತು. ಮರುದಿನ ಹೋದರೆ ಕಾಂಕ್ರೀಟ್ ಆಗಿ ಮೇಲೆ ಗೋಣಿಚೀಲ ಹಾಸಿದ್ದರು. "ಕಂಬಿ ಮೇಲೇ ಇತ್ತಲ್ಲ?" ಅಂದೆ. "ಇತ್ತು ಸಾರ್" ಅಂದರು. ಎಂ ಬುಕ್ಕಿನಲ್ಲಿ ಅಳತೆ ಬರೆದು, ಕಂಬಿ ನೋಡಿದ್ದೇನೆ ಅಂತ ಸಹಿ ಹಾಕಿದೆ. ಆಮೇಲೆ ಚಹಾ ಕುಡಿದೆ. ಲಂಚ ತಗೊಂಡಿರಲಿಲ್ಲ. ಯಾರೂ ಒತ್ತಾಯ ಮಾಡಿರಲಿಲ್ಲ. ನಿಮ್ಮ ಹಾಗೆ ಎರಡು ರಾತ್ರಿ ನಿದ್ದೆಗೆಟ್ಟು ಯೋಚಿಸಿಯೂ ಇರಲಿಲ್ಲ.

ಎರಡನೇ ಮಳೆಗಾಲ. ಶಾಲೆ ಬಿಟ್ಟು ಮಕ್ಕಳು ಹೋಗಿ ಆಗಿತ್ತು. ಗೇಟಿನಲ್ಲಿ ಪೇರಲಹಣ್ಣು ಮಾರುತ್ತಿದ್ದ ಅಜ್ಜಿ, ಮಳೆ ಜೋರಾಯಿತೆಂದು ಬುಟ್ಟಿ ಸಮೇತ ಸಜ್ಜಾದ ಕೆಳಗೆ ನಿಂತಿದ್ದರು. ಅದು ಗೋಡೆಯ ಬುಡದಲ್ಲಿ ಕೊಯ್ದ ಹಾಗೆ ಮುರಿದು ಬಿತ್ತು. ಸೊಂಟ ಹೋಯಿತು.

ನಾನು ಹೋಗಿ ಮುರಿದ ತುಂಡನ್ನು ನೋಡಿದೆ. ಕಂಬಿ ತಳದಲ್ಲಿತ್ತು, ತಳದಿಂದ ಒಂದೇ ಬೆರಳು ಮೇಲೆ. ಮೊದಲೇ ಕೆಳಗೆ ಕಟ್ಟಿದ್ದರೋ, ಕಾಂಕ್ರೀಟ್ ಸುರಿಯುವಾಗ ಯಾರೋ ಮೇಲೆ ಓಡಾಡಿ ತುಳಿದು ಇಳಿಸಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ನೋಡಬೇಕಾದವನು ನಾನು. ವರದಿಯಲ್ಲಿ "ಅತಿವೃಷ್ಟಿಯಿಂದ" ಅಂತ ಬಂತು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಕೆ ಮತ್ತೆ ಹಣ್ಣು ಮಾರಲು ಕೂತರು. ನಡೆಯಲು ಆಗುತ್ತಿರಲಿಲ್ಲ. ಮೊಮ್ಮಗ ಬೆಳಿಗ್ಗೆ ಎತ್ತಿಕೊಂಡು ಬಂದು ಕೂರಿಸಿ ಹೋಗುತ್ತಿದ್ದ. ಆ ಕಡೆ ಹೋದಾಗಲೆಲ್ಲ ನಾನು ಬೇಡದಿದ್ದರೂ ಹಣ್ಣು ತಗೊಳ್ಳುತ್ತಿದ್ದೆ. "ಸಾಹೇಬ್ರು ಬಾಳ ಒಳ್ಳೇವ್ರು, ಚಿಲ್ಲರೆ ಕೇಳಲ್ಲ" ಅಂದರು ಒಂದು ದಿನ. ಅವತ್ತಿನಿಂದ ಆ ದಾರಿಯನ್ನೇ ಬಿಟ್ಟೆ.

ನೀವು ಕೆಲಸ ಬಿಡಬೇಕೋ ಬೇಡವೋ ನಾನು ಹೇಳಲಾರೆ. ನಾನು ಬಿಡಲಿಲ್ಲ, ಪಿಂಚಣಿ ಬರುತ್ತಿದೆ. ಆಮೇಲಿನ ಅಷ್ಟೂ ವರ್ಷ ಕಂಬಿ ನೋಡದೆ ಕಾಂಕ್ರೀಟ್ ಹಾಕಲು ಬಿಟ್ಟಿಲ್ಲ. ಬೆನ್ನ ಹಿಂದೆ "ಕಿರಿಕ್ ಸಾಹೇಬ" ಅನ್ನುತ್ತಿದ್ದರು. ಅದರಿಂದ ಆ ಸೊಂಟವೇನೂ ಸರಿಹೋಗಲಿಲ್ಲ. ನಿಮಗೆ ನನಗಿಂತ ಒಂದು ಅನುಕೂಲ ಇದೆ ಮೇಡಂ. ನಿಮ್ಮ ಕ್ಯೂಬ್ ಈಗಲೇ ಬಾಯಿ ಬಿಟ್ಟಿದೆ. ಕಟ್ಟಡ ಇನ್ನೂ ಖಾಲಿ ಇದೆ.

– ನಿವೃತ್ತ ಎಂಜಿನಿಯರ್, ಹಾವೇರಿ ಜಿಲ್ಲೆ

*

ಪತ್ರದ ಜೊತೆ ಅವರ ಫೋನ್ ನಂಬರ್ ಇತ್ತು. ಮಾತಾಡಿದೆವು. ಹೆಸರು ಹಾಕಿದರೂ ಪರವಾಗಿಲ್ಲ ಅಂದರು. ನಾವೇ ಹಾಕಲಿಲ್ಲ.

*

ದಯವಿಟ್ಟು ಆ ಕಟ್ಟಡ ಯಾವ ಊರಲ್ಲಿದೆ, ಯಾವ ರಸ್ತೆ ಅಂತ ಹೇಳಿ. ನಾವು ಒಂದು ಫ್ಲ್ಯಾಟಿಗೆ ಮುಂಗಡ ಕೊಟ್ಟಿದ್ದೇವೆ.

– ಗೃಹಿಣಿ, ಮೈಸೂರು

*

ಊರು ಹೇಳುವಂತಿಲ್ಲ, ಕ್ಷಮಿಸಿ. ಆದರೆ ನೀವು ಕೊಳ್ಳುವ ಕಟ್ಟಡದ ಕ್ಯೂಬ್ ರಿಪೋರ್ಟ್ ತೋರಿಸಿ ಎಂದು ಅವರನ್ನು ಕೇಳಬಹುದು. ನಾಚಿಕೆ ಬೇಡ.

ಇನ್ನು ಮೇಸ್ತ್ರಿಯೊಬ್ಬರು ಹೇಳಿ ಮಗನ ಕೈಲಿ ಬರೆಸಿದ ಪತ್ರ.

*

ಎಂಜಿನಿಯರ್ ಮಂದಿ ಬರೂದು ಸ್ಲ್ಯಾಬಿನ ದಿವಸ. ಕಾಲಂ ತುಂಬೂ ದಿವಸ ಯಾರು ಇರ್ತಾರ? ಮಾಲು ಗಟ್ಟಿ ಆತು, ಇಳಿವಲ್ದು ಅಂತ ನಾವು ಒಂದು ಕೊಡ ನೀರು ಬಿಡ್ತೀವಿ. ನಮಗ ಯಾರೂ ಬ್ಯಾಡ ಅಂದಿಲ್ಲ. ಗೋಣಿಚೀಲ ಸುತ್ತಿ ನೀರು ಹೊಡೀರಿ ಅಂತಾರ, ನೀರಿನ ಟ್ಯಾಂಕರ್ ಎರಡು ದಿವಸ ಬರ್ತದ, ಮೂರನೇ ದಿವಸ ಇಲ್ಲ. ಆಮ್ಯಾಲ 14 ಬಂತು ಅಂತ ಅಳ್ತೀರಿ. ತಂಗೆವ್ವಾ, ನೀನು ಕಾಲಂ ತುಂಬೂ ದಿವಸ ಎಲ್ಲಿದ್ದಿ? ಸಿಟ್ಟಿಗೆ ಕೇಳಾಕತ್ತಿಲ್ಲ. ಖರೇನ ಕೇಳಾಕತ್ತೀನಿ.

– ವಿಜಯಪುರ ಜಿಲ್ಲೆ

*

ಕೇಳಿದ ಪ್ರಶ್ನೆ ಅದಲ್ಲ ನಿಜ. ಆದರೂ ಕೇಳಬೇಕಾದ್ದೇ.

*

ನಾವು ಕೆನಡಾದ ಹ್ಯಾಮಿಲ್ಟನ್‌ನಲ್ಲಿದ್ದೇವೆ. ಮಗಳು ಇಲ್ಲೇ ಸಿವಿಲ್ ಓದಿದಳು. ಓದು ಮುಗಿಸಿದ ಎಂಜಿನಿಯರ್‌ಗಳಿಗೆ ಇಲ್ಲಿ ಒಂದು ಉಂಗುರ ತೊಡಿಸುತ್ತಾರೆ. 1925ರಿಂದ ನಡೆದು ಬಂದದ್ದು. ಬರೆಯುವ ಕೈಯ ಕಿರುಬೆರಳಿಗೆ. ಸಹಿ ಹಾಕುವಾಗ ಕಾಗದಕ್ಕೆ ತಾಗುತ್ತಿರಬೇಕಂತೆ. ಬಿದ್ದ ಸೇತುವೆಯ ಕಬ್ಬಿಣದ್ದು ಅಂತ ನಾನು ಊರಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. "ಅಮ್ಮಾ, ಅದು ಬರೀ ಕಥೆ" ಅಂತ ಅವಳೇ ನಕ್ಕಳು.

ಸೇತುವೆ ಬಿದ್ದದ್ದು ಮಾತ್ರ ಕಥೆಯಲ್ಲ. ಕ್ವಿಬೆಕ್‌ನಲ್ಲಿ, 1907ರ ಆಗಸ್ಟ್ 29. 75 ಕೆಲಸಗಾರರು ಸತ್ತರು. ಅಲ್ಲಿಯೂ ನಿಮ್ಮ ಹಾಗೇ ಸೈಟಿನಲ್ಲಿ ಒಬ್ಬ ಹುಡುಗ ಇದ್ದ, ನಾರ್ಮನ್ ಮೆಕ್ಲೂರ್ ಅಂತ. ಕೆಳಗಿನ ಉಕ್ಕಿನ ತಟ್ಟೆಗಳು ಬಾಗುತ್ತಿವೆ ಅಂತ ಅಳೆದು ಬರೆದ. ಸೈಟಿನವರು ಮೊದಲೇ ಹಾಗಿತ್ತು ಅಂತ ವಾದ ಮಾಡಿದರು. ಅವನು ರೈಲು ಹತ್ತಿ ನ್ಯೂಯಾರ್ಕಿಗೆ ಹೋಗಿ ಹಿರಿಯ ಎಂಜಿನಿಯರ್ ಥಿಯೋಡರ್ ಕೂಪರ್ ಅವರಿಗೆ ಹೇಳಿದ. ಅವರು ಭಾರ ಹೇರಬೇಡಿ ಅಂತ ತಂತಿ ಕಳಿಸಿದರು. ಆದರೆ ಕಳಿಸಿದ್ದು ಸೇತುವೆ ಕಟ್ಟುತ್ತಿದ್ದ ಪೆನ್ಸಿಲ್ವೇನಿಯಾದ ಕಂಪನಿಗೆ, ಸೇತುವೆಯ ಜಾಗಕ್ಕಲ್ಲ. ಅದೇ ಸಂಜೆ ಕೆಲಸ ಬಿಡುವ ಹೊತ್ತಿಗೆ ಬಿತ್ತು. ಅದಕ್ಕೇ ಹೇಳುವುದು, ಯಾರಿಗೆ ಬರೆಯುತ್ತೀರಿ ಅನ್ನುವುದೂ ಮುಖ್ಯ. ಕೆಲಸ ನಿಲ್ಲಿಸುವ ಅಧಿಕಾರ ಯಾರಿಗಿದೆಯೋ ಅವರಿಗೇ ಬರೆಯಿರಿ.

– ಹ್ಯಾಮಿಲ್ಟನ್, ಕೆನಡಾ

*

ನಮ್ಮಲ್ಲಿ ಉಂಗುರವಂತೂ ಇಲ್ಲ. ಆರ್ಕಿಟೆಕ್ಟ್‌ಗಳಿಗೆ 1972ರ ಕಾಯ್ದೆ ಇದೆ. ಎಂಜಿನಿಯರ್‌ಗಳಿಗೆ ಇಡೀ ದೇಶಕ್ಕೆ ಅನ್ವಯಿಸುವ ಅಂಥದ್ದೊಂದು ಕಾಯ್ದೆಯೂ ಇಲ್ಲ.

*

ಹೆಣ್ಣುಮಕ್ಕಳಿಗೆ ಸೈಟಿನ ಕೆಲಸ ಯಾಕೆ? ಬ್ಯಾಂಕ್ ಪರೀಕ್ಷೆ ಬರೆಯಲಿ.

– ಹಾಸನ

*

ಇದೇ ಅರ್ಥದ ಪತ್ರಗಳು ಇನ್ನೂ ನಾಲ್ಕು ಬಂದಿವೆ. ಒಂದು ಸಾಕು.

*

ನಾನು ಸ್ಟಾಫ್ ನರ್ಸ್. ಕಾಂಕ್ರೀಟ್ ನನಗೆ ಗೊತ್ತಿಲ್ಲ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಡಯಾಲಿಸಿಸ್. ನೀವು ಖಾಸಗಿಯಲ್ಲಿ ಮಾಡಿಸುತ್ತಿರುವ ಹಾಗಿದೆ. ಜಿಲ್ಲಾ ಆಸ್ಪತ್ರೆಯಲ್ಲಿ, ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಉಚಿತ. ಸರದಿ ಇರುತ್ತದೆ, ಆದ್ದರಿಂದ ಈಗಲೇ ಹೋಗಿ ಹೆಸರು ಬರೆಸಿ. ಹಳೇ ರಿಪೋರ್ಟುಗಳ ಜೆರಾಕ್ಸ್ ಒಂದು ಸೆಟ್ ತಗೊಂಡು ಹೋಗಿ. ತಿಂಗಳ ಆ ಖರ್ಚು ಇಳಿದರೆ ನಿಮ್ಮ ಮೇಲಿನವರ ಎದುರು ನಿಂತು ಮಾತಾಡುವುದು ಸ್ವಲ್ಪ ಸುಲಭ ಆಗಬಹುದು.

– ಚಿತ್ರದುರ್ಗ

*

ಮಂಗಳೂರಿನ ಪತ್ರವನ್ನೂ ಚಿತ್ರದುರ್ಗದ ಪತ್ರವನ್ನೂ ಅಚ್ಚಿಗೆ ಮೊದಲೇ ಪ್ರಶ್ನೆ ಕೇಳಿದವರಿಗೆ ಕಳಿಸಿದ್ದೆವು. ಕಳೆದ ವಾರ ಅವರಿಂದ ಬಂದ ಉತ್ತರ ಇದು.

*

ರಿಜಿಸ್ಟರಿನಲ್ಲಿ ಬಂದ ಅಂಕಿಗಳನ್ನೇ ಬರೆದೆ. ಡಿಸೈನರ್‌ಗೂ ಕಟ್ಟಡದ ಮಾಲೀಕರಿಗೂ ಇಮೇಲ್ ಹಾಕಿ ಕೋರ್ ತೆಗೆಸಲು ಕೇಳಿದ್ದೇನೆ. ಡಿಸೈನರ್ "ನೋಡುತ್ತೇನೆ" ಅಂತ ಒಂದು ಸಾಲು ಬರೆದಿದ್ದಾರೆ. ನಮ್ಮ ಮೇಲಿನವರು ನಾಲ್ಕು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಅಪ್ಪನ ಹೆಸರು ತಾಲ್ಲೂಕು ಆಸ್ಪತ್ರೆಯಲ್ಲಿ ಬರೆಸಿದ್ದೇವೆ, ಎಂಟನೇ ನಂಬರ್. ಮೊದಲ ಮಹಡಿಯ ಕಾಲಂ ಕೆಲಸ ನಿಂತಿದೆ. ಮಳೆಯ ಕಾರಣ ಅಂತ ಸೈಟಿನ ಬೋರ್ಡಿನಲ್ಲಿ ಬರೆದಿದ್ದಾರೆ. ಇಲ್ಲಿ ಇನ್ನೂ ಮಳೆ ಬಂದಿಲ್ಲ.